ಎರಡು ವರ್ಷದ ಪಾಪು, ಐದು ವರ್ಷದ ಪುಟ್ಟಿ ಮತ್ತು ಮ್ಯಾಜಿಕ್ ಕಿಂಗ್‌ಡಮ್: ಚಿಕ್ಕ ಮಕ್ಕಳ ಜೊತೆ ಡಿಸ್ನಿ ವರ್ಲ್ಡ್‌ಗೆ ಹೋಗುವವರಿಗೆ ಸಮಗ್ರ ಮಾರ್ಗದರ್ಶಿ

ಮಧ್ಯಾಹ್ನ ಎರಡೂವರೆ. ಜುಲೈ ತಿಂಗಳ ಫ್ಲಾರಿಡಾ ಬಿಸಿಲು. ಸಿಂಡರೆಲ್ಲಾ ಕೋಟೆಯ ಮುಂದೆ ನಮ್ಮ ಪುಟ್ಟಿ ಅಂಗಾತ ಬಿದ್ದು ಕೈಕಾಲು ಬಡಿದು ಅಳುತ್ತಿದ್ದಳು. ಒಂದು ಕಾಲಿನ ಚಪ್ಪಲಿ ಎಲ್ಲೋ ಹೋಗಿತ್ತು. ಅವಳಿಗಾಗ ಎರಡು ವರ್ಷ ಹತ್ತು ತಿಂಗಳು. ನಮ್ಮೆಜಮಾನ್ರು ಫೋನ್ ನೋಡಿಕೊಂಡು, "ಬೆಳಗ್ಗೆಯಿಂದ ನಾಲ್ಕೇ ರೈಡ್ ಆಗಿರೋದು. ಇಷ್ಟು ದುಡ್ಡು ಕೊಟ್ಟಿದ್ದೀವಿ, ಇನ್ನೊಂದೆರಡಾದ್ರೂ ಮುಗಿಸೋಣ" ಅಂದರು. ನಾನೂ ಹೂಂ ಅಂದೆ. ಮುಂದಿನ ರೈಡಿಗೆ ಐವತ್ತು ನಿಮಿಷ ಸಾಲಿನಲ್ಲಿ ನಿಂತೆವು. ನಲವತ್ತೈದನೇ ನಿಮಿಷಕ್ಕೆ ಅವಳು ನನ್ನ ಹೆಗಲ ಮೇಲೆ ನಿದ್ದೆ ಹೋದಳು. ರೈಡಿನಲ್ಲೂ ನಿದ್ದೆ. ರಾತ್ರಿಯ ಪಟಾಕಿಗೂ ನಿದ್ದೆ.

ನಮ್ಮ ಜನಕ್ಕೆ ಈ 'ವಸೂಲಿ' ಅನ್ನುವುದು ರಕ್ತದಲ್ಲೇ ಇದೆ. ಬಫೆ ಊಟಕ್ಕೆ ಹೋದರೂ ವಸೂಲಿ ಮಾಡಬೇಕು, ಪಾರ್ಕಿಗೆ ಹೋದರೂ ವಸೂಲಿ ಮಾಡಬೇಕು. ಐದು ವರ್ಷದೊಳಗಿನ ಮಕ್ಕಳನ್ನು ಕರೆದುಕೊಂಡು ಹೋಗುವಾಗ ಈ ಹಟವನ್ನು ಮನೆಯಲ್ಲೇ ಬಿಟ್ಟು ಹೊರಡಿ. ಮಗುವಿನ ನಿದ್ದೆ ಮತ್ತು ಹೊಟ್ಟೆ, ಇವೆರಡನ್ನು ಮೊದಲು ಗೊತ್ತುಮಾಡಿಕೊಳ್ಳಿ. ರೈಡ್‌ಗಳನ್ನು ಮಧ್ಯೆ ಎಲ್ಲಿ ಜಾಗ ಸಿಗುತ್ತದೋ ಅಲ್ಲಿ ತುರುಕಿ. ಈ ಜನವರಿಯಲ್ಲಿ ನಾವು ಹಾಗೇ ಮಾಡಿದೆವು. ಪುಟ್ಟಿಗೆ ಐದೂವರೆ, ಪಾಪುಗೆ ಎರಡು, ಜೊತೆಗೆ ದಾವಣಗೆರೆಯಿಂದ ಬಂದಿದ್ದ ಅತ್ತೆ, ಮಾವ. ಅಟ್ಲಾಂಟಾದಿಂದ ಕಾರಿನಲ್ಲಿ ಹೋಗಿ ಬಂದೆವು. ಎರಡೂ ಸಲ ಕಲಿತಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಯಾವ ಪಾರ್ಕ್, ಯಾವ ತಿಂಗಳು

ಡಿಸ್ನಿ ವರ್ಲ್ಡ್ ಅಂದರೆ ಒಂದೇ ಪಾರ್ಕ್ ಅಂದುಕೊಂಡು ಬರುವವರು ತುಂಬಾ ಜನ. ಅದು ಸುಮಾರು 25,000 ಎಕರೆ ಜಾಗ. ಒಳಗೆ ನಾಲ್ಕು ಬೇರೆ ಬೇರೆ ಪಾರ್ಕ್‌ಗಳಿವೆ: 1971ರ ಮ್ಯಾಜಿಕ್ ಕಿಂಗ್‌ಡಮ್, 1982ರ ಎಪ್‌ಕಾಟ್, 1989ರಲ್ಲಿ ಶುರುವಾದ ಹಾಲಿವುಡ್ ಸ್ಟುಡಿಯೋಸ್, 1998ರ ಆನಿಮಲ್ ಕಿಂಗ್‌ಡಮ್. ಒಂದರಿಂದ ಇನ್ನೊಂದಕ್ಕೆ ನಡೆದು ಹೋಗ್ತೀವಿ ಅಂದರೆ ಆಗದ ಮಾತು. ಪ್ರತಿಯೊಂದಕ್ಕೂ ಒಂದಿಡೀ ದಿನ ಬೇಕು.

ಮಕ್ಕಳು ಚಿಕ್ಕವರಿದ್ದರೆ ಮ್ಯಾಜಿಕ್ ಕಿಂಗ್‌ಡಮ್ ಸಾಕು. ಎತ್ತರದ ಮಿತಿ ಇಲ್ಲದ ರೈಡ್‌ಗಳು ಜಾಸ್ತಿ ಇರುವುದು ಅಲ್ಲೇ. ಇನ್ನೊಂದು ದಿನ ಇದ್ದರೆ ಆನಿಮಲ್ ಕಿಂಗ್‌ಡಮ್. ಅಲ್ಲಿನ ಸಫಾರಿ ಲಾರಿಯಲ್ಲಿ ಜಿರಾಫೆ, ಆನೆ, ಘೇಂಡಾಮೃಗ ನೋಡುತ್ತಾ ಕೂತರೆ ಎರಡು ವರ್ಷದ ಮಗುವಿಗೂ ಖುಷಿ, ಎಪ್ಪತ್ತು ವರ್ಷದ ಮಾವನಿಗೂ ಖುಷಿ. ಉಳಿದೆರಡನ್ನು ಮಕ್ಕಳಿಗೆ ಏಳೆಂಟು ವರ್ಷವಾದ ಮೇಲೆ ನೋಡಿದರಾಯಿತು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೆಕೆ ಅಂದರೆ ಮಂಗಳೂರಿನ ಮೇ ತಿಂಗಳ ಸೆಕೆ. ಜೊತೆಗೆ ಮಧ್ಯಾಹ್ನವಾದರೆ ಗುಡುಗು, ಮಳೆ. ಸಿಡಿಲಿನ ಸೂಚನೆ ಬಂದರೆ ಹೊರಗಿನ ರೈಡ್‌ಗಳನ್ನೆಲ್ಲ ನಿಲ್ಲಿಸುತ್ತಾರೆ. ಊರಿಂದ ಅಪ್ಪ ಅಮ್ಮ ಬರುವುದು ಬೇಸಿಗೆ ರಜೆಗೇ ಅಂತ ನಾವೆಲ್ಲ ಆಗಲೇ ಹೋಗುತ್ತೇವೆ, ಅಲ್ವಾ? ಸಾಧ್ಯವಿದ್ದರೆ ತಪ್ಪಿಸಿ. ಕ್ರಿಸ್‌ಮಸ್ ವಾರ, ಥ್ಯಾಂಕ್ಸ್‌ಗಿವಿಂಗ್, ಮಾರ್ಚ್-ಏಪ್ರಿಲ್‌ನ ಸ್ಪ್ರಿಂಗ್ ಬ್ರೇಕ್ ಅಂತೂ ಜಾತ್ರೆ. ಜನವರಿ ಕೊನೆಯ ಎರಡು ವಾರ ನಮಗೆ ತುಂಬಾ ಹಿಡಿಸಿತು. ಬೆಳಗ್ಗೆ ಸ್ವೆಟರ್ ಬೇಕು, ಹನ್ನೊಂದಕ್ಕೆ ಬಿಚ್ಚಬೇಕು, ಅಷ್ಟೇ.

ಒಂದು ಒಳಗುಟ್ಟು. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಹ್ಯಾಲೊವೀನ್‌ಗೆ, ಆಮೇಲೆ ಕ್ರಿಸ್‌ಮಸ್‌ಗೆ ಅಂತ ಕೆಲವು ರಾತ್ರಿ ಬೇರೆ ಟಿಕೆಟ್ಟಿನ ಪಾರ್ಟಿ ಇರುತ್ತದೆ. ಆ ದಿನ ಮಾಮೂಲಿ ಟಿಕೆಟ್ಟಿನವರನ್ನು ಸಂಜೆ ಆರಕ್ಕೆ ಹೊರಗೆ ಕಳಿಸುತ್ತಾರೆ. ರಾತ್ರಿಯ ಪಟಾಕಿ ಸಿಗುವುದಿಲ್ಲ ಅಂತ ಬಹಳ ಜನ ಆ ದಿನ ಬರುವುದೇ ಇಲ್ಲ. ಆರಕ್ಕೇ ಕಣ್ಣು ಉಜ್ಜುವ ಮಗು ನಿಮ್ಮ ಮನೆಯಲ್ಲಿದ್ದರೆ ಆ ದಿನವೇ ನಿಮ್ಮ ದಿನ.

ಟಿಕೆಟ್: ಇಲ್ಲಿ ಲೆಕ್ಕ ವಯಸ್ಸಿನದು

ಬಿಡದಿ ಹತ್ತಿರದ ವಂಡರ್‌ಲಾದಲ್ಲಿ ಮಗುವಿನ ಎತ್ತರ ಅಳೆದು ಟಿಕೆಟ್ ಕೊಡುತ್ತಾರೆ. 85 ಸೆಂಟಿಮೀಟರ್ ಒಳಗಿದ್ದರೆ ಬಿಟ್ಟಿ. ಇಲ್ಲಿ ವಯಸ್ಸು ಕೇಳುತ್ತಾರೆ. ಮೂರು ವರ್ಷ ತುಂಬುವವರೆಗೆ ಟಿಕೆಟ್ ಬೇಡ. ಮೂರರಿಂದ ಒಂಬತ್ತು ಮಕ್ಕಳ ಟಿಕೆಟ್, ಹತ್ತಕ್ಕೆ ದೊಡ್ಡವರ ಟಿಕೆಟ್. ಮಕ್ಕಳ ಟಿಕೆಟ್ ಅಂದರೆ ಅರ್ಧ ಟಿಕೆಟ್ ಅಂದುಕೊಳ್ಳಬೇಡಿ. ವ್ಯತ್ಯಾಸ ಬಹಳ ಕಡಿಮೆ. ಒಂದು ದಿನದ ಮ್ಯಾಜಿಕ್ ಕಿಂಗ್‌ಡಮ್ ಟಿಕೆಟ್ ತಲೆಗೆ ನೂರು ಡಾಲರ್ ದಾಟುತ್ತದೆ. ದರ ದಿನದಿಂದ ದಿನಕ್ಕೆ ಬೇರೆ. ಹಾಗಾಗಿ ಮಗುವಿನ ಮೂರನೇ ಹುಟ್ಟುಹಬ್ಬ ಹತ್ತಿರವಿದ್ದರೆ ಅದಕ್ಕೆ ಮುಂಚೆ ಹೋಗುವುದು ಜಾಣತನ.

ಸಾಲು ತಪ್ಪಿಸಲು ಲೈಟ್ನಿಂಗ್ ಲೇನ್ ಅಂತ ಬೇರೆ ದುಡ್ಡು ಕೊಟ್ಟು ಕೊಳ್ಳಬಹುದು. ಮಲ್ಟಿ ಪಾಸ್ ತಗೊಂಡರೆ ಮೂರು ರೈಡ್‌ಗಳಿಗೆ ಮುಂಚೆಯೇ ಸಮಯ ಗೊತ್ತುಮಾಡಿಕೊಳ್ಳಬಹುದು. ಡಿಸ್ನಿ ಹೋಟೆಲಿನಲ್ಲಿ ಉಳಿಯುವವರಿಗೆ ಏಳು ದಿನ ಮೊದಲು, ಬೇರೆಯವರಿಗೆ ಮೂರು ದಿನ ಮೊದಲು ಬೆಳಗ್ಗೆ ಏಳಕ್ಕೆ ಬುಕಿಂಗ್ ಶುರು. ಮೂರರೊಳಗಿನ ಮಗುವಿಗೆ ಇದೂ ಬೇಡ. ನನ್ನನ್ನು ಕೇಳಿದರೆ, ರಜೆಯ ವಾರವಾದರೆ ತಗೊಳ್ಳಿ. ಜನವರಿಯ ಮಂಗಳವಾರಕ್ಕೆ ಸುಮ್ನೆ ದಂಡ. ಬೆಳಗ್ಗೆ ಬೇಗ ಹೋದರೆ ಅದೇ ಕೆಲಸ ಪುಕ್ಕಟೆ ಆಗುತ್ತದೆ.

ಉಳಿಯುವ ಜಾಗ

ಮೊದಲ ಸಲ ದುಡ್ಡು ಉಳಿಸಲು ದೂರದ ಹೋಟೆಲ್ ಹಿಡಿದಿದ್ದೆವು. ಪಾರ್ಕಿಂಗ್‌ನಿಂದ ಕಾರು ತೆಗೆದು ರೂಮಿಗೆ ಹೋಗಿ ವಾಪಸ್ ಬರಲು ಎರಡು ಗಂಟೆ ಬೇಕಿತ್ತು. ಹಾಗಾಗಿ ಮಧ್ಯಾಹ್ನ ಹೋಗಲೇ ಇಲ್ಲ. ಮಧ್ಯಾಹ್ನ ಎರಡೂವರೆಗೆ ಆದ ಆ ರಂಪಕ್ಕೆ ಅದೇ ಮೂಲ.

ಮ್ಯಾಜಿಕ್ ಕಿಂಗ್‌ಡಮ್‌ನ ಪಾರ್ಕಿಂಗ್ ಪಾರ್ಕಿನ ಬಾಗಿಲಲ್ಲಿ ಇಲ್ಲ ಅನ್ನುವುದು ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಕಾರು ನಿಲ್ಲಿಸುವುದು ಕೆರೆಯ ಈಚೆ ದಡದಲ್ಲಿ. ಅಲ್ಲಿಂದ ಫೆರಿ ದೋಣಿಯಲ್ಲೋ ಮಾನೊರೈಲಿನಲ್ಲೋ ಆಚೆ ಹೋಗಬೇಕು. ಕಾರಿನ ಬಾಗಿಲು ಹಾಕಿದಾಗಿನಿಂದ ಪಾರ್ಕಿನ ಗೇಟು ಮುಟ್ಟಲು ಮುಕ್ಕಾಲು ಗಂಟೆ ಇಟ್ಟುಕೊಳ್ಳಿ. ಡಿಸ್ನಿ ಹೋಟೆಲಿನ ಬಸ್ಸು ಸೀದಾ ಗೇಟಿನ ಹತ್ತಿರ ಇಳಿಸುತ್ತದೆ. ಬಸ್ಸಿಗೆ ಕಾರ್ ಸೀಟ್ ಬೇಡ, ಆದರೆ ಸ್ಟ್ರೋಲರ್, ಅಂದರೆ ಮಗುವಿನ ತಳ್ಳುಗಾಡಿ, ಮಡಚಬೇಕು. ಒಂದು ಕಂಕುಳಲ್ಲಿ ನಿದ್ದೆ ಹೋದ ಮಗು, ಇನ್ನೊಂದು ಕೈಯಲ್ಲಿ ಸ್ಟ್ರೋಲರ್ ಅಂದರೆ ಅದೊಂದು ಸರ್ಕಸ್. ದೋಣಿಗೂ ಮಾನೊರೈಲಿಗೂ ಹಾಗೇ ತಳ್ಳಿಕೊಂಡು ಹತ್ತಬಹುದು.

ಕಾಂಟೆಂಪರರಿ, ಗ್ರ್ಯಾಂಡ್ ಫ್ಲೊರಿಡಿಯನ್, ಪಾಲಿನೇಷಿಯನ್ ಈ ಮೂರು ಹೋಟೆಲ್‌ಗಳು ಮಾನೊರೈಲಿನ ದಾರಿಯಲ್ಲೇ ಇವೆ. ಮೊದಲಿನ ಎರಡರಿಂದ ಪಾರ್ಕಿಗೆ ನಡೆದೇ ಹೋಗಬಹುದು. ಬಾಡಿಗೆ ಕೇಳಿದರೆ ಎದೆ ಧಸಕ್ ಅನ್ನುತ್ತದೆ. ನಾವು ಡಿಸ್ನಿಯದೇ ಕಡಿಮೆ ದರದ ಹೋಟೆಲಿನಲ್ಲಿ ಬಸ್ಸು ನಂಬಿಕೊಂಡು ಉಳಿದೆವು. ಪರವಾಗಿಲ್ಲ. ಡಿಸ್ನಿ ಹೋಟೆಲ್ ಯಾವುದೇ ಆಗಲಿ, ಬೆಳಗ್ಗೆ ಅರ್ಧ ಗಂಟೆ ಮುಂಚೆ ಪಾರ್ಕಿನೊಳಗೆ ಬಿಡುತ್ತಾರೆ. ಆ ಅರ್ಧ ಗಂಟೆಯ ಬೆಲೆ ಏನು ಅಂತ ಮುಂದೆ ಹೇಳುತ್ತೇನೆ.

ಹೊರಡುವ ಮುಂಚೆ ಮನೆಯಲ್ಲೇ ಮಾಡಬೇಕಾದ್ದು

ಶೂ ಹಾಕಿಸಿ ಮಗುವಿನ ಎತ್ತರ ಅಳೆಯಿರಿ. ಸೆವೆನ್ ಡ್ವಾರ್ಫ್ಸ್ ಮೈನ್ ಟ್ರೇನ್ ಅನ್ನುವ ರೈಡಿಗೆ 38 ಇಂಚು, ಅಂದರೆ 97 ಸೆಂಟಿಮೀಟರ್ ಬೇಕು. ಬಾರ್ನ್‌ಸ್ಟಾರ್ಮರ್ ಅನ್ನುವ ಪುಟ್ಟ ರೋಲರ್ ಕೋಸ್ಟರ್‌ಗೆ 35 ಇಂಚು, ಟಿಯಾನಾಸ್ ಬಾಯು ಅಡ್ವೆಂಚರ್‌ಗೆ 40, ಸ್ಪೇಸ್ ಮೌಂಟನ್‌ಗೆ 44, ಟ್ರಾನ್‌ಗೆ 48. ಬಾಗಿಲಲ್ಲಿ ಅಳತೆ ಕೋಲು ಇಟ್ಟುಕೊಂಡು ನಿಂತಿರುತ್ತಾರೆ. ಅರ್ಧ ಇಂಚು ಕಡಿಮೆ ಇದ್ದರೂ ಬಿಡುವುದಿಲ್ಲ, ಗೋಗರೆದರೂ ಬಿಡುವುದಿಲ್ಲ. ಯಾವುದಕ್ಕೆ ಹೋಗಬಹುದು, ಯಾವುದಕ್ಕೆ ಇಲ್ಲ ಅಂತ ಮಗುವಿಗೆ ಮನೆಯಲ್ಲೇ ಹೇಳಿಬಿಡಿ. ಗೇಟಿನ ಹತ್ತಿರ ಗೊತ್ತಾದರೆ ರಂಪ.

ರೈಡ್‌ಗಳ ವಿಡಿಯೋ ಒಂದೆರಡು ತೋರಿಸಿ. ಇದನ್ನು ನಾನು ಮೊದಲು ಬೇಡ ಅಂದುಕೊಂಡಿದ್ದೆ, ಮಜಾ ಹೋಗುತ್ತದೆ ಅಂತ. ಚಿಕ್ಕ ಮಕ್ಕಳಿಗೆ ಹಾಗಲ್ಲ. ಗೊತ್ತಿರುವ ಕಥೆಯನ್ನೇ ಇಪ್ಪತ್ತು ಸಲ ಕೇಳುವವರು ಅವರು. ಮುಂದೆ ಕತ್ತಲೆ ಬರುತ್ತದೆ, ಆಮೇಲೆ ಬೆಳಕು ಬರುತ್ತದೆ ಅಂತ ಗೊತ್ತಿದ್ದರೆ ಧೈರ್ಯವಾಗಿ ಕೂರುತ್ತಾರೆ.

ಎರಡು ವಾರ ಮೊದಲಿಂದ ಸಂಜೆ ಒಂದೊಂದು ಮೈಲಿ ನಡೆಸಿ. ಹೊಸ ಶೂ ಬೇಡವೇ ಬೇಡ. ಮೈ ಡಿಸ್ನಿ ಎಕ್ಸ್‌ಪೀರಿಯನ್ಸ್ ಆ್ಯಪ್ ಹಾಕಿಕೊಂಡು ಟಿಕೆಟ್ ಅದಕ್ಕೆ ಸೇರಿಸಿ. ಯಾವ ಸಾಲು ಎಷ್ಟು ಉದ್ದ ಅಂತ ಅದರಲ್ಲೇ ಕಾಣುತ್ತದೆ, ಊಟವನ್ನೂ ಅದರಲ್ಲೇ ಆರ್ಡರ್ ಮಾಡಬಹುದು.

ಸ್ಟ್ರೋಲರ್

ನಾಲ್ಕು, ಐದು ವರ್ಷದ ಮಗುವಿಗೂ ಸ್ಟ್ರೋಲರ್ ಬೇಕು. "ನಮ್ಮ ಮಗಳು ನಡೀತಾಳೆ" ಅಂತ ನಾನೂ ಹೇಳಿದ್ದೆ. ಹನ್ನೊಂದು ಗಂಟೆಗೆ ಅಪ್ಪನ ಹೆಗಲೇರಿದವಳು ಇಳಿಯಲಿಲ್ಲ. ನನ್ನ ಫೋನ್ ಆ ದಿನ ಹತ್ತೊಂಬತ್ತು ಸಾವಿರ ಹೆಜ್ಜೆ ತೋರಿಸಿತು. ಅವಳ ಪುಟ್ಟ ಕಾಲಿಗೆ ಅದು ಎಷ್ಟಾಗಬೇಕು ಲೆಕ್ಕ ಹಾಕಿ.

ಪಾರ್ಕಿನಲ್ಲಿ ಬಾಡಿಗೆಗೆ ಸಿಗುವುದು ಗಟ್ಟಿ ಪ್ಲಾಸ್ಟಿಕ್ಕಿನದು. ಹಿಂದಕ್ಕೆ ಬಾಗುವುದಿಲ್ಲ, ಮಗು ಮಲಗಲು ಆಗುವುದಿಲ್ಲ, ಪಾರ್ಕಿನಿಂದ ಹೊರಗೆ ತರುವ ಹಾಗೂ ಇಲ್ಲ. ಮನೆಯದನ್ನೇ ತನ್ನಿ. ವಿಮಾನದಲ್ಲಿ ಬರುವವರಾದರೆ ಪಕ್ಕದ ಆರ್ಲ್ಯಾಂಡೊ ಊರಿನಲ್ಲಿ ಹೋಟೆಲಿಗೇ ತಂದುಕೊಡುವ ಬಾಡಿಗೆ ಅಂಗಡಿಗಳಿವೆ. ಅಗಲ 31 ಇಂಚು, ಉದ್ದ 52 ಇಂಚು ಮೀರಬಾರದು. ಎಳೆಯುವ ವ್ಯಾಗನ್‌ಗಳನ್ನು ಒಳಗೆ ಬಿಡುವುದಿಲ್ಲ.

ರೈಡಿನ ಹೊರಗೆ ನೂರಾರು ಸ್ಟ್ರೋಲರ್ ಸಾಲಾಗಿ ನಿಂತಿರುತ್ತವೆ. ಜಾಗ ಮಾಡಲು ಅಲ್ಲಿನ ಸಿಬ್ಬಂದಿ ಅವನ್ನು ಆಚೀಚೆ ಸರಿಸುತ್ತಾರೆ. ನೀವು ಇಟ್ಟ ಜಾಗದಲ್ಲಿ ಇಲ್ಲದಿದ್ದರೆ ಕಳ್ಳತನ ಅಂತ ಗಾಬರಿ ಬೀಳಬೇಡಿ. ನಮ್ಮತ್ತೆ ತಮ್ಮ ಹಳೇ ಇಳಕಲ್ ಸೀರೆಯ ಸೆರಗಿನ ತುಂಡೊಂದನ್ನು ಹಿಡಿಕೆಗೆ ಕಟ್ಟಿದ್ದರು. ಐವತ್ತು ಕಪ್ಪು ಸ್ಟ್ರೋಲರ್‌ಗಳ ಮಧ್ಯೆ ಆ ಕೆಂಪು ಸೆರಗು ದೂರದಿಂದಲೇ ಕೂಗಿ ಕರೆಯುತ್ತಿತ್ತು. ಪಾಸ್‌ಪೋರ್ಟ್, ಪರ್ಸ್ ಮಾತ್ರ ಸ್ಟ್ರೋಲರ್‌ನಲ್ಲಿ ಬಿಡಬೇಡಿ.

ಬುತ್ತಿ

ಇಲ್ಲಿಗೆ ಬರುವ ನಮ್ಮವರಿಗೆ ಸಂತೋಷದ ಸುದ್ದಿ: ಹೊರಗಿನ ಊಟ ಒಳಗೆ ಬಿಡುತ್ತಾರೆ. ಗಾಜಿನ ಪಾತ್ರೆ ಬೇಡ, ಮಗುವಿನ ಊಟದ ಸಣ್ಣ ಗಾಜಿನ ಡಬ್ಬಿಗೆ ಮಾತ್ರ ವಿನಾಯಿತಿ. ಬಿಡಿ ಐಸ್ ಬೇಡ. ಮದ್ಯ ಬೇಡ. ಉಳಿದಂತೆ ನಿಮ್ಮಿಷ್ಟ.

ನಾವು ಹಿಂದಿನ ರಾತ್ರಿ ರೂಮಿನಲ್ಲೇ ಪುಟ್ಟ ರೈಸ್ ಕುಕ್ಕರ್ ಇಟ್ಟು ಅನ್ನ ಮಾಡಿಕೊಂಡೆವು. ಬೆಳಗ್ಗೆ ಅರ್ಧಕ್ಕೆ ಪುಳಿಯೋಗರೆ ಗೊಜ್ಜು ಕಲಸಿದ್ದು, ಇನ್ನರ್ಧ ಮೊಸರನ್ನ. ಮೊಸರನ್ನಕ್ಕೆ ಹಾಲು ಜಾಸ್ತಿ, ಮೊಸರು ಒಂದೇ ಚಮಚ. ಮಧ್ಯಾಹ್ನದ ಹೊತ್ತಿಗೆ ತಾನೇ ಹದವಾಗಿ ಹೆಪ್ಪಾಗಿರುತ್ತದೆ, ಹುಳಿ ಬರುವುದಿಲ್ಲ. ಇದು ರೈಲು ಪ್ರಯಾಣದ ಹಳೇ ಉಪಾಯ, ಫ್ಲಾರಿಡಾದಲ್ಲೂ ನಡೆಯುತ್ತದೆ. ಸೆಕೆಗಾಲವಾದರೆ ಮಾತ್ರ ಐಸ್ ಪ್ಯಾಕ್ ಪಕ್ಕದಲ್ಲೇ ಇಡಿ. ಬಾಳೆಹಣ್ಣು, ಚಕ್ಲಿ, ಹುರಿಗಡಲೆ, ಚಪಾತಿಗೆ ಬೆಲ್ಲ ತುಪ್ಪ ಸವರಿ ಸುತ್ತಿದ್ದು. ಸಾಲಿನಲ್ಲಿ ನಿಂತಾಗ ಮಕ್ಕಳ ಕೈಗೆ ಏನಾದರೂ ಕೊಡುತ್ತಿರಬೇಕು. ಚಕ್ಲಿಯಷ್ಟು ಹೊತ್ತು ಬಾಯಿ ಕಟ್ಟುವ ತಿಂಡಿ ಇನ್ನೊಂದಿಲ್ಲ.

ಊಟದ್ದೆಲ್ಲ ಒಂದೇ ಚೀಲದಲ್ಲಿರಲಿ. ಭದ್ರತಾ ತಪಾಸಣೆಯಲ್ಲಿ ಸ್ಟೀಲ್ ಡಬ್ಬಿ ಕಂಡು ನಮ್ಮನ್ನು ಪಕ್ಕಕ್ಕೆ ಕರೆದರು. ಮುಚ್ಚಳ ತೆಗೆದು ತೋರಿಸಿದೆ. ಒಗ್ಗರಣೆಯ ವಾಸನೆಗೆ ಆಕೆ ಹುಬ್ಬೇರಿಸಿ, ನಕ್ಕು, ಹೋಗಿ ಅಂದರು.

ನೀರಿನ ಬಾಟಲಿ ದುಡ್ಡು ಕೊಟ್ಟು ಕೊಳ್ಳಬೇಡಿ. ಕೌಂಟರ್‌ನಲ್ಲಿ ಊಟ ಕೊಡುವ ಜಾಗಗಳಲ್ಲಿ ಕೇಳಿದರೆ ಐಸ್ ಹಾಕಿದ ನೀರು ಲೋಟದಲ್ಲಿ ಬಿಟ್ಟಿ ಕೊಡುತ್ತಾರೆ. ಒಳಗೇ ತಿನ್ನುವುದಾದರೆ ಮೆನುವಿನಲ್ಲಿ ಎಲೆಯ ಗುರುತು ನೋಡಿ, ಅದು ಸಸ್ಯಮೂಲದ ಅಡುಗೆ. ನಿಜವಾಗಿ ನಾಲಿಗೆಗೆ ರುಚಿ ಬೇಕು ಅನಿಸಿದರೆ ಒಂದು ಸಂಜೆ ಆನಿಮಲ್ ಕಿಂಗ್‌ಡಮ್ ಲಾಡ್ಜ್‌ನ ಸನಾ ಹೋಟೆಲಿಗೆ ಹೋಗಿ. ನಾನ್ ಜೊತೆ ಬಗೆಬಗೆಯ ಚಟ್ನಿ ಕೊಡುತ್ತಾರೆ. ಕಿಟಕಿಯಾಚೆ ಜಿರಾಫೆ ಮೇಯುತ್ತಿರುತ್ತದೆ. ಮಾವ ಖುಷಿಯಾಗಿ ಉಂಡಿದ್ದು ಅದೊಂದೇ ಊಟ.

ಚೀಲದಲ್ಲಿ ಇನ್ನೇನಿರಬೇಕು? ಮಗುವಿಗೆ ಎರಡು ಜೊತೆ ಬಟ್ಟೆ, ಡೈಪರ್, ಒದ್ದೆ ಬಟ್ಟೆಗೆ ಜಿಪ್ ಕವರ್, ಎಲ್ಲರಿಗೂ ಪ್ಲಾಸ್ಟಿಕ್ ರೇನ್‌ಕೋಟ್, ಸನ್‌ಸ್ಕ್ರೀನ್, ಕಿವಿಗೆ ಸದ್ದು ತಡೆಯುವ ಇಯರ್‌ಮಫ್. ಮತ್ತೆ ಒಂದು ಕಟ್ಟು ಹಳದಿ ಸ್ಟಿಕಿ ನೋಟ್. ಅದು ಯಾಕೆ ಅಂತ ಶೌಚಾಲಯದ ವಿಷಯ ಬಂದಾಗ ಹೇಳುತ್ತೇನೆ.

ಬೆಳಗಿನ ಮೊದಲ ಮೂರು ತಾಸು

ಇಡೀ ದಿನದ ಗಳಿಕೆ ಇರುವುದು ಇಲ್ಲೇ. ಪಾರ್ಕ್ ಒಂಬತ್ತಕ್ಕೆ ತೆರೆಯುತ್ತದೆ ಅಂದರೆ ಎಂಟಕ್ಕೆ ಗೇಟಿನ ಹತ್ತಿರ ಇರಬೇಕು. ಮಗುವನ್ನು ನೈಟ್ ಡ್ರೆಸ್‌ನಲ್ಲೇ ಎತ್ತಿ ಹಾಕಿಕೊಂಡು ಬನ್ನಿ, ಹಲ್ಲುಜ್ಜುವುದು ಒಂದು ದಿನ ತಡವಾದರೆ ಏನೂ ಆಗುವುದಿಲ್ಲ.

ಡಿಸ್ನಿ ಹೋಟೆಲಿನವರಿಗೆ ಎಂಟೂವರೆಗೇ ಪಾರ್ಕಿನ ಫ್ಯಾಂಟಸಿಲ್ಯಾಂಡ್ ಅನ್ನುವ ಭಾಗ ತೆರೆದಿರುತ್ತದೆ. ಸೀದಾ ಪೀಟರ್ ಪ್ಯಾನ್ಸ್ ಫ್ಲೈಟ್‌ಗೆ ಹೋಗಿ. ಹಾರುವ ಹಡಗಿನಲ್ಲಿ ಕೂತು ರಾತ್ರಿಯ ಲಂಡನ್ ಮೇಲೆ ತೇಲುವ ರೈಡ್ ಅದು. ಮೂರು ನಿಮಿಷವೂ ಇಲ್ಲ. ಅಷ್ಟಕ್ಕೇ ಮಧ್ಯಾಹ್ನ ಒಂದು ತಾಸಿನ ಸಾಲು. ಬೆಳಗ್ಗೆ ನಾವು ನಡೆದುಕೊಂಡು ಹೋಗಿ ಕೂತೆವು. ಅಲ್ಲಿಂದ ವಿನ್ನಿ ದಿ ಪೂ, ಆಮೇಲೆ ಡಂಬೋ. ಡಂಬೋ ಆನೆಯೊಳಗೆ ಒಂದು ಹಿಡಿಕೆ ಇದೆ, ಅದನ್ನು ಎಳೆದರೆ ಆನೆ ಮೇಲೇರುತ್ತದೆ. ಅದನ್ನು ಮಗುವಿನ ಕೈಗೇ ಬಿಡಿ. ಪಾಪು ಅದನ್ನು ಒಂದೇ ಸಮ ಮೇಲೆ ಕೆಳಗೆ ಆಡಿಸಿದ. ನನಗೆ ಹೊಟ್ಟೆ ತೊಳೆಸಿತು, ಅವನು ಇಳಿದ ಮೇಲೆ "ಇನ್ನೊಂದು ಸಲ" ಅಂದ. ಸಾಲು ಇರಲಿಲ್ಲ, ಮತ್ತೆ ಹೋದೆವು. ಲಿಸ್ಟ್ ಮುಗಿಸುವ ಅವಸರದಲ್ಲಿ 'ಇನ್ನೊಂದು ಸಲ'ಕ್ಕೆ ಬೇಡ ಅನ್ನಬೇಡಿ. ಮಗುವಿಗೆ ಹೊಸ ಐದು ರೈಡಿಗಿಂತ ಮೆಚ್ಚಿದ ಒಂದೇ ರೈಡ್ ಐದು ಸಲ ಹೆಚ್ಚು.

ಹತ್ತೂವರೆಗೆ ಕುದುರೆಗಳ ಕರೋಸೆಲ್, ಇಟ್ಸ್ ಎ ಸ್ಮಾಲ್ ವರ್ಲ್ಡ್. ಸ್ಮಾಲ್ ವರ್ಲ್ಡ್ ಅಂದರೆ ದೋಣಿಯಲ್ಲಿ ಕೂತು ದೇಶ ದೇಶದ ಹಾಡುವ ಬೊಂಬೆಗಳನ್ನು ನೋಡುವುದು. ಹತ್ತು ನಿಮಿಷಕ್ಕೂ ಮೇಲೆ, ತಂಪು. ಅತ್ತೆ, "ಇದೇನು, ದಸರಾಕ್ಕೆ ಬೊಂಬೆ ಕೂರಿಸಿದ ಹಾಗಿದೆಯಲ್ಲೇ" ಅಂದರು. ಅದೇ ಹಾಡು ಮೂರು ದಿನ ತಲೆಯಿಂದ ಹೋಗುವುದಿಲ್ಲ ಅಂತ ಮಾತ್ರ ಎಚ್ಚರಿಸುತ್ತೇನೆ.

ಹಾಂಟೆಡ್ ಮ್ಯಾನ್ಷನ್ ಅನ್ನುವ ದೆವ್ವದ ಮನೆಗೆ ಎತ್ತರದ ಮಿತಿ ಇಲ್ಲ. ಹಾಗಂತ ಕರೆದುಕೊಂಡು ಹೋಗಬೇಡಿ. ಶುರುವಿನಲ್ಲೇ ಒಂದು ಕೋಣೆಯಲ್ಲಿ ಎಲ್ಲರನ್ನೂ ನಿಲ್ಲಿಸಿ ದೀಪ ಆರಿಸುತ್ತಾರೆ. ಪೈರೇಟ್ಸ್ ಆಫ್ ದಿ ಕ್ಯಾರಿಬಿಯನ್‌ನಲ್ಲೂ ಕತ್ತಲಲ್ಲಿ ದೋಣಿ ಒಂದು ಕಡೆ ದಬಕ್ಕನೆ ಜಾರುತ್ತದೆ. ಎತ್ತರದ ಮಿತಿ ಮೈಗೆ ಸಂಬಂಧಿಸಿದ್ದು. ಮನಸ್ಸಿನ ಮಿತಿ ನಿಮಗೇ ಗೊತ್ತಿರಬೇಕು.

ಮಿಕ್ಕಿ, ಮಿನ್ನಿ ವೇಷದವರ ಹತ್ತಿರವೂ ಅಷ್ಟೆ. ಟೀವಿಯಲ್ಲಿ ಮುದ್ದಾಗಿ ಕಾಣುವ ಇಲಿ ಎದುರಿಗೆ ಅಪ್ಪನಷ್ಟು ಎತ್ತರ ನಿಂತರೆ ಎರಡು ವರ್ಷದ ಮಗು ಹೆದರದೆ ಇನ್ನೇನು ಮಾಡೀತು? ಹಿಂದಿನಿಂದ ತಳ್ಳಬೇಡಿ. ನೀವು ಮೊದಲು ಕೈ ಕುಲುಕಿ, ಮಗು ನಿಮ್ಮ ಕಂಕುಳಲ್ಲೇ ಇರಲಿ. ಮುಖವಾಡ ಇಲ್ಲದ ರಾಜಕುಮಾರಿಯರ ಹತ್ತಿರ ಬೇಗ ಸಲಿಗೆ ಬೆಳೆಯುತ್ತದೆ.

ರೈಡರ್ ಸ್ವಿಚ್ ಕೇಳಿ ಪಡೆಯಿರಿ

ದೊಡ್ಡವಳಿಗೆ ಮೈನ್ ಟ್ರೇನ್ ಬೇಕು, ಚಿಕ್ಕವನ ಎತ್ತರ ಸಾಲದು. ಆಗ ಏನು ಮಾಡುವುದು? ರೈಡಿನ ಬಾಗಿಲಲ್ಲಿ ನಿಂತಿರುವ ಸಿಬ್ಬಂದಿಗೆ ರೈಡರ್ ಸ್ವಿಚ್ ಬೇಕು ಅನ್ನಿ. ಒಬ್ಬರು ಸಾಲಿನಲ್ಲಿ ಹೋಗಿ ಬರುವವರೆಗೆ ಇನ್ನೊಬ್ಬರು ಚಿಕ್ಕ ಮಗುವಿನ ಜೊತೆ ಹೊರಗಿರಬಹುದು. ಅವರು ಬಂದ ಮೇಲೆ ಹೊರಗಿದ್ದವರು ಮಾಮೂಲಿ ಸಾಲಿನಲ್ಲಿ ನಿಲ್ಲದೆ ಲೈಟ್ನಿಂಗ್ ಲೇನ್‌ನಲ್ಲಿ ಹೋಗಬಹುದು. ಇದಕ್ಕೆ ದುಡ್ಡಿಲ್ಲ. ಕೇಳುವಾಗ ಮಗುವೂ ಜೊತೆಗಿರಬೇಕು, ಯಾಕೆಂದರೆ ಅವರು ನೋಡುತ್ತಾರೆ. ಮೊದಲ ಸಲ ಹೋದಾಗ ಇದರ ವಿಷಯವೇ ಗೊತ್ತಿಲ್ಲದೆ ನಾನು ಒಂದು ರೈಡ್ ಪೂರ್ತಿ ಬಿಟ್ಟಿದ್ದೆ.

ಮಧ್ಯಾಹ್ನ: ಹೊರಡಿ

ಹನ್ನೆರಡಕ್ಕೆ ಪರೇಡ್ ಇದ್ದರೆ ನೋಡಿ. ಮೊಸರನ್ನ ತಿನ್ನಿಸಿ. ರೂಮಿಗೆ ಹೊರಡಿ.

ಹೌದು, ಸಾವಿರಾರು ಜನ ಆಗ ತಾನೇ ಒಳಗೆ ಬರುತ್ತಿರುತ್ತಾರೆ. ನೀವು ಎದುರಿಗೆ ಹೊರಗೆ ಹೋಗುತ್ತಿರುತ್ತೀರಿ. ಏನೋ ಕಳಕೊಂಡ ಹಾಗೆ ಅನಿಸುತ್ತದೆ. ನಮ್ಮೆಜಮಾನ್ರು ಎರಡು ಸಲ ತಿರುಗಿ ನೋಡಿದರು. ಆದರೆ ಹನ್ನೆರಡರಿಂದ ನಾಲ್ಕರವರೆಗೆ ಸಾಲೂ ಜಾಸ್ತಿ, ಬಿಸಿಲೂ ಜಾಸ್ತಿ. ಆ ನಾಲ್ಕು ಗಂಟೆಯಲ್ಲಿ ಸಿಗುವುದು ಹೆಚ್ಚೆಂದರೆ ಮೂರು ರೈಡ್. ಬೆಳಗ್ಗೆ ಅದೇ ಹೊತ್ತಿನಲ್ಲಿ ನಮಗೆ ಎಂಟು ಸಿಕ್ಕಿತ್ತು. ಅದೇ ಟಿಕೆಟ್ಟಿನಲ್ಲಿ ಸಂಜೆ ಮತ್ತೆ ಒಳಗೆ ಬರಬಹುದು.

ಹೊರಗೆ ಹೋಗಲು ಆಗುವುದೇ ಇಲ್ಲ ಅಂದರೆ ಪಾರ್ಕಿನೊಳಗೇ ಮಲಗಿಸುವ ಜಾಗಗಳಿವೆ. ಪೀಪಲ್‌ಮೂವರ್ ಅನ್ನುವುದು ಪಾರ್ಕಿನ ಟುಮಾರೋಲ್ಯಾಂಡ್ ಭಾಗದ ಮೇಲೆ ನಿಧಾನಕ್ಕೆ ಹತ್ತು ನಿಮಿಷ ಸುತ್ತುವ ಗಾಡಿ. ಗಾಳಿ ಬೀಸುತ್ತದೆ, ತೊಟ್ಟಿಲು ತೂಗಿದ ಹಾಗಿರುತ್ತದೆ. ಪಾಪು ಎರಡನೇ ಸುತ್ತಿಗೆ ಕಣ್ಣು ಮುಚ್ಚಿದ. ಆಮೇಲೆ ಸ್ಟ್ರೋಲರ್‌ಗೆ ಹಾಕಿ, ಮೇಲೆ ಮಲ್‌ಮಲ್ ಬಟ್ಟೆ ಸಡಿಲವಾಗಿ ಇಳಿಬಿಟ್ಟು, ನೆರಳಲ್ಲಿ ನಿಲ್ಲಿಸಿ.

ಹಾಲು, ಡೈಪರ್, ಶೌಚಾಲಯ

ಗೇಟಿನಿಂದ ಕೋಟೆ ಕಡೆ ಹೋಗುವ ಮೇನ್ ಸ್ಟ್ರೀಟ್ ಕೊನೆಗೆ, ಕೋಟೆಗೆ ಮುಖ ಮಾಡಿ ನಿಂತರೆ ಎಡಗಡೆ, ಕ್ರಿಸ್ಟಲ್ ಪ್ಯಾಲೇಸ್ ಹೋಟೆಲಿನ ಪಕ್ಕ ಬೇಬಿ ಕೇರ್ ಸೆಂಟರ್ ಇದೆ. ಬೆಳಗ್ಗೆ ಒಳಗೆ ಬಂದ ಕೂಡಲೇ ಅದನ್ನು ಒಮ್ಮೆ ನೋಡಿಕೊಂಡು ಹೋಗಿ. ಹಾಲು ಕುಡಿಸಲು ಮರೆಯಾದ ಕೋಣೆ, ಡೈಪರ್ ಬದಲಿಸುವ ಮೇಜು, ಊಟ ಮಾಡಿಸಲು ಎತ್ತರದ ಕುರ್ಚಿ, ಮೈಕ್ರೋವೇವ್ ಎಲ್ಲ ಇದೆ. ಅತ್ತೆ ಅಲ್ಲೇ ರಾಗಿ ಸರಿ ಬಿಸಿ ಮಾಡಿದರು. ಡೈಪರ್ ಮುಗಿದರೆ ದುಡ್ಡಿಗೆ ಸಿಗುತ್ತದೆ. ಪಕ್ಕದಲ್ಲೇ ಪ್ರಥಮ ಚಿಕಿತ್ಸೆಯ ಜಾಗ.

ಈಗ ಸ್ಟಿಕಿ ನೋಟ್ ಕಥೆ. ಇಲ್ಲಿನ ಟಾಯ್ಲೆಟ್‌ಗಳು ತಾವಾಗಿಯೇ ಫ್ಲಶ್ ಆಗುತ್ತವೆ. ಹಿಂದೆ ಒಂದು ಪುಟ್ಟ ಕಪ್ಪು ಕಣ್ಣಿದೆ. ಚಿಕ್ಕ ಮಗು ಕೂತು ಸ್ವಲ್ಪ ಅಲ್ಲಾಡಿದರೂ ಮಗು ಎದ್ದು ಹೋಯಿತು ಅಂದುಕೊಂಡು ಆ ಕಣ್ಣು ಢಬ್ ಅಂತ ನೀರು ಬಿಡುತ್ತದೆ. ಪುಟ್ಟಿ ಮೂರು ವರ್ಷದವಳಿದ್ದಾಗ ಒಮ್ಮೆ ಹೆದರಿದವಳು ಒಂದು ತಿಂಗಳು ಹೊರಗೆ ಎಲ್ಲೂ ಕೂರಲಿಲ್ಲ. ಮಗುವನ್ನು ಕೂರಿಸುವ ಮುಂಚೆ ಆ ಕಣ್ಣಿನ ಮೇಲೆ ಸ್ಟಿಕಿ ನೋಟ್ ಅಂಟಿಸಿ, ಎದ್ದ ಮೇಲೆ ಕೀಳಿ.

ಮಗು ತಪ್ಪಿಸಿಕೊಂಡರೆ? ಬೆಳಗ್ಗೆಯೇ ಮೊಣಕೈ ಕೆಳಗೆ ನಿಮ್ಮ ಫೋನ್ ನಂಬರ್ ಪೆನ್ನಿನಲ್ಲಿ ಬರೆದು, ಮೇಲೆ ಪಾರದರ್ಶಕ ಬ್ಯಾಂಡೇಜ್ ಅಂಟಿಸಿ. ಬರೆದಾದ ಮೇಲೆ ಮಗುವಿನದೊಂದು ಫೋಟೋ ತೆಗೆಯಿರಿ, ಆ ದಿನದ ಬಟ್ಟೆಯ ಬಣ್ಣ ಗಾಬರಿಯಲ್ಲಿ ನೆನಪಿಗೆ ಬರುವುದಿಲ್ಲ. ಎದೆ ಮೇಲೆ ಹೆಸರಿನ ಬಿಲ್ಲೆ ಇರುವವರ ಹತ್ತಿರ ಹೋಗಬೇಕು ಅಂತ ಮಗುವಿಗೆ ತೋರಿಸಿ ಕೊಡಿ. ಸಿಕ್ಕ ಮಕ್ಕಳನ್ನು ಬೇಬಿ ಕೇರ್ ಸೆಂಟರ್‌ಗೇ ಕರೆತರುತ್ತಾರೆ.

ಅಜ್ಜಿ, ತಾತ ಜೊತೆಗಿದ್ದರೆ

ಅವರನ್ನು ಮಕ್ಕಳನ್ನು ನೋಡಿಕೊಳ್ಳಲು ಬೆಂಚಿನ ಮೇಲೆ ಕೂರಿಸಿ ನೀವು ರೈಡಿಗೆ ಓಡಬೇಡಿ. ಒಂದು ಸಲ ಪರವಾಗಿಲ್ಲ, ನಾಲ್ಕು ಸಲವಾದರೆ ಅವರಿಗೂ ಬೇಸರ. ಪಾರ್ಕಿನ ಬಾಗಿಲಲ್ಲೇ ವೀಲ್‌ಚೇರ್ ಬಾಡಿಗೆಗೆ ಸಿಗುತ್ತದೆ. "ನನಗೇನಾಗಿದೆ" ಅಂತ ಮಾವ ಬೇಡ ಅಂದರು. ಮಧ್ಯಾಹ್ನ ಮಂಡಿ ಹಿಡಿಯಿತು. ಮರುದಿನ ನಾವು ಕೇಳಲೇ ಇಲ್ಲ, ತಂದು ನಿಲ್ಲಿಸಿದೆವು, ಕೂತರು. ಪಾರ್ಕ್ ಸುತ್ತುವ ಉಗಿಬಂಡಿ ಅವರಿಗೆ ಬಲು ಇಷ್ಟ. ಮೂರು ಸ್ಟೇಷನ್, ಎಲ್ಲಿ ಬೇಕಾದರೂ ಹತ್ತಿ ಇಳಿಯಬಹುದು.

ಮೇನ್ ಸ್ಟ್ರೀಟ್‌ನಲ್ಲಿ ಹಾರ್ಮನಿ ಬಾರ್ಬರ್ ಶಾಪ್ ಅಂತ ಹಳೇ ಕಾಲದ ಕ್ಷೌರದಂಗಡಿ ಇದೆ. ಮಕ್ಕಳ ಮೊದಲ ಕೂದಲು ಕತ್ತರಿಸಿ ಪ್ರಮಾಣಪತ್ರ ಕೊಡುತ್ತಾರೆ. ಪಾಪುವಿನ ಜವಳ ಇನ್ನೂ ಆಗಿರಲಿಲ್ಲ, ಕೂದಲು ಕಣ್ಣಿಗೆ ಬೀಳುತ್ತಿತ್ತು. ನಾನು ಸುಮ್ನೆ ಬಾಗಿಲ ಕಡೆ ನೋಡಿದೆ ಅಷ್ಟೆ. ಅತ್ತೆ ಸ್ಟ್ರೋಲರ್ ಹಿಡಿಕೆ ಬಿಗಿಯಾಗಿ ಹಿಡಿದುಕೊಂಡು, "ಧರ್ಮಸ್ಥಳಕ್ಕೆ ಹೇಳಿಕೊಂಡಿದೀವಿ" ಅಂದು ಮುಂದೆ ತಳ್ಳಿಕೊಂಡು ಹೋಗೇಬಿಟ್ಟರು.

ಸಂಜೆ, ವಾಪಸ್

ಐದಕ್ಕೆ ಮತ್ತೆ ಒಳಗೆ. ಈಗ ಯಾವ ಗುರಿಯೂ ಬೇಡ. ಒಂದು ಐಸ್‌ಕ್ರೀಮ್, ಬೆಳಗ್ಗೆ ಮೆಚ್ಚಿದ ರೈಡ್ ಇನ್ನೊಂದು ಸಲ, ದೀಪ ಹತ್ತಿದ ಕೋಟೆ. 2025ರ ಜುಲೈನಿಂದ ಸ್ಟಾರ್‌ಲೈಟ್ ಅನ್ನುವ ರಾತ್ರಿ ಪರೇಡ್ ಶುರುವಾಗಿದೆ, ದೀಪದ ಗಾಡಿಗಳು ಸಾಲಾಗಿ ಬರುತ್ತವೆ. ಮಕ್ಕಳು ಎದ್ದಿದ್ದರೆ ನೋಡಿ.

ಪಟಾಕಿಯ ಸದ್ದು ಜೋರು. ನಮ್ಮ ದೀಪಾವಳಿಯ ಆಟಂ ಬಾಂಬ್ ಕೇಳಿ ಬೆಳೆದವರಿಗೆ ಏನೂ ಅನಿಸದಿರಬಹುದು, ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಹೊಸದು. ಇಯರ್‌ಮಫ್ ಹಾಕಿ. ಕೋಟೆಯ ಮುಂದೆ ಒತ್ತೊತ್ತಾಗಿ ನಿಲ್ಲುವ ಬದಲು ಮೇನ್ ಸ್ಟ್ರೀಟ್‌ನ ಗೇಟಿನ ಕಡೆ ತುದಿಯಲ್ಲಿ ನಿಲ್ಲಿ. ಕೋಟೆ ಪುಟ್ಟದಾಗಿ ಕಾಣುತ್ತದೆ, ಆದರೆ ಮುಗಿದ ಕೂಡಲೇ ಎಲ್ಲರಿಗಿಂತ ಮುಂಚೆ ಹೊರಗೆ ಹೋಗಬಹುದು. ಇಲ್ಲದಿದ್ದರೆ ದೋಣಿಗೂ ಮಾನೊರೈಲಿಗೂ ಜನಸಾಗರ. ಹೊರಡುವ ಮುಂಚೆ ಅಲ್ಲೇ ಶೌಚಾಲಯದಲ್ಲಿ ಡೈಪರ್ ಬದಲಿಸಿ, ನೈಟ್ ಡ್ರೆಸ್ ಹಾಕಿಬಿಡಿ. ದಾರಿಯಲ್ಲಿ ನಿದ್ದೆ ಹೋದರೆ ಹಾಗೇ ಹಾಸಿಗೆ ಮೇಲೆ ಮಲಗಿಸಬಹುದು.

ಸ್ಟ್ರೋಲರ್ ಮಡಚಿ ಡಿಕ್ಕಿಗೆ ಹಾಕುವ ಮುಂಚೆ ಕೆಳಗಿನ ಬುಟ್ಟಿಗೆ ಕೈ ಹಾಕಿ ಪೂರ್ತಿ ಖಾಲಿ ಮಾಡಿ. ನಾವು ಮಾಡಲಿಲ್ಲ. ಅಟ್ಲಾಂಟಾಕ್ಕೆ ಬಂದ ಮೂರನೇ ದಿನ ಕಾರಿನಲ್ಲಿ ಏನೋ ವಾಸನೆ ಅಂತ ಹುಡುಕಿದರೆ, ಅರ್ಧ ತಿಂದ ಮೊಸರನ್ನದ ಡಬ್ಬಿ. ಮುಚ್ಚಳ ತೆಗೆಯುವ ಧೈರ್ಯ ಯಾರಿಗೂ ಬರಲಿಲ್ಲ. ಡಬ್ಬಿ ಸಮೇತ ಎಸೆದೆವು. ಅದು ಅತ್ತೆ ಊರಿಂದ ತಂದ ಡಬ್ಬಿ. ಅವರಿಗೆ ಇನ್ನೂ ಹೇಳಿಲ್ಲ.